ಶ್ರೀ ವಿಶ್ವೇಶ್ವರಯ್ಯನವರೂ ಪ್ರಾಥಮಿಕ ವಿದ್ಯಾಭ್ಯಾಸವೂ

ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ರೈತರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಸ್ಮರಿಸುವುದು ಕನ್ನಂಬಾಡಿಯ ನೀರಿಗಾಗಿ. ಅದು ಯುಕ್ತವೇ ಸರಿ. ಆದರೆ ದಾರಿದ್ರ್ಯ ನಿವಾರಣೆಗೆ ನೀರಿನಷ್ಟೇ ಅಕ್ಷರವೂ ಅವಶ್ಯವೆಂದು ಆ ಮಹನೀಯರು ನಂಬಿದ್ದುದನ್ನು ನಾವು ಮರೆಯಲಾಗದು.

ಈ ನಂಬಿಕೆಗೆ ಅವರ ಬಾಳೇ ಆಧಾರವಾಗಿತ್ತು. ಮುದ್ದೇನಹಳ್ಳಿಯಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ಪಿತೃವಿಯೋಗಕ್ಕೆ ಗುರಿಯಾದ ಅವರು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಜೀವನ ಸಾಗಿಸುತ್ತ 1881ರಲ್ಲಿ ಬಿ.ಎ. ಪದವೀಧರರಾದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪೂನಾದಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿ, ಮುಂಬಯಿ ಪ್ರಾಂತದ ಸೇವೆಯನ್ನು ಸೇರಿದರು. 1898ರಲ್ಲಿ ಜಪಾನಿಗೆ ಹೋದಾಗ, ಆ ದೇಶದ ಕೈಗಾರಿಕೆಗಳ ಏಳಿಗೆಗೆ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣವೇ ತಳಹದಿಯೆಂಬುದನ್ನು ಮನಗಂಡರು.

1909ರಲ್ಲಿ ಅವರು ಮೈಸೂರಿನ ಚೀಫ್ ಇಂಜಿನಿಯರಾದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಅದೇ ವರ್ಷ ಅವರ ಪ್ರೇರಣೆಯಿಂದ ಏರ್ಪಟ್ಟ ಆರ್ಥಿಕ ಸಮ್ಮೇಳನವು ವ್ಯವಸಾಯ, ಕೈಗಾರಿಕೆಗಳಂತೆಯೇ ವಿದ್ಯಾಭ್ಯಾಸಕ್ಕೂ ಒಂದು ಸಮಿತಿಯನ್ನು ನೇಮಿಸಿತು. ಗೋಖಲೆಯವರ ಕಡ್ಡಾಯ ಶಿಕ್ಷಣದ ಮಸೂದೆಯು 1912ರಲ್ಲಿ ಬ್ರಿಟಿಷ್ ಇಂಡಿಯಾದ ಶಾಸನಸಭೆಯಲ್ಲಿ ಬಿದ್ದುಹೋಯಿತು. ಆ ವರ್ಷವೇ ದಿವಾನರಾದ ವಿಶ್ವೇಶ್ವರಯ್ಯನವರು, 1913ರಲ್ಲಿ ಮೈಸೂರಿಗೆ ಅಂಥ ಕಾಯಿದೆಯನ್ನು ತಂದರು. 1915ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಿತು. ಸುಮಾರು 4,500ರಷ್ಟಿದ್ದ ಶಾಲೆಗಳು ಅವರ ಆರು ವರ್ಷಗಳ ದಿವಾನಗಿರಿಯಲ್ಲಿ ಇಮ್ಮಡಿಗೂ ಮೀರಿದವು.

ಆದರೆ ಕಡ್ಡಾಯವು ಆಯ್ದ ಸ್ಥಳಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1918ರಲ್ಲಿ ಅವರು ಅಧಿಕಾರವನ್ನು ತ್ಯಜಿಸಿದಾಗ ಕಾರ್ಯವು ಅಪೂರ್ಣವಾಗಿಯೇ ಉಳಿಯಿತು. ಶತಾಯುಷಿಗಳಾಗಿ 1962ರಲ್ಲಿ ಅವರು ದಿವಂಗತರಾದಾಗಲೂ ಅದು ಮುಗಿದಿರಲಿಲ್ಲ.

ನಾಲೆಯ ನೀರು ಎತ್ತರದ ನೆಲಕ್ಕೆ ತಾನಾಗಿ ಏರದು. ನಾಗಮಂಗಲದ ಬೆದ್ದಲುಗಳು ಇದಕ್ಕೆ ಸಾಕ್ಷಿ. ಶಾಲೆಗಾದರೋ ಅಂಥ ತಡೆಯಿಲ್ಲ. ಅದು ಕೃಷ್ಣರಾಜಪೇಟೆಯ ಕುಗ್ರಾಮದಲ್ಲಿಯೂ ನಡೆಯಬಲ್ಲದು. ನೀರುಂಟಾದ ಕಡೆಯಲ್ಲಿಯೂ, ಸಾಲಪತ್ರವನ್ನು ಓದಲಾರದೆ ಹೆಬ್ಬೆಟ್ಟೊತ್ತುವ, ಕಬ್ಬಿನ ತೂಕದ ಚೀಟಿಯನ್ನು ಅನ್ಯರಿಂದ ಓದಿಸಿಕೊಳ್ಳುವ ರೈತನ ಬೆಳೆಯ ಫಲವು ಪರರ ಪಾಲಾಗುವುದು ಸುಲಭ. ಓದು, ಬರಹ, ಲೆಕ್ಕ ಬಲ್ಲವನು ತನ್ನ ದುಡಿಮೆಯ ಬೆಲೆಯನ್ನು ತಾನೇ ಎಣಿಸಬಲ್ಲನು.

2010ರಿಂದ ಶಿಕ್ಷಣವು ಮಕ್ಕಳ ಶಾಸನಬದ್ಧ ಹಕ್ಕಾಗಿದೆ. ಆದರೆ ಕಾಯಿದೆಯು ತಾನಾಗಿ ಮಗುವನ್ನು ಶಾಲೆಗೆ ಕರೆತರದು. ಕಬ್ಬು ಕಡಿಯುವ ಕಾಲದಲ್ಲಿ ಕೂಲಿಕಾರರ ಮಕ್ಕಳು ತರಗತಿಯಲ್ಲಿರುವಂತೆ ನೋಡಿಕೊಳ್ಳುವುದು ಅಧಿಕಾರಿಗಳ ಹಾಗೂ ಊರಿನ ಹಿರಿಯರ ಕರ್ತವ್ಯ. ದಿವಂಗತರಿಗೆ ಪ್ರತಿಮೆಗಳು ಸಾಕಷ್ಟಿವೆ. ಅವರು ಬಿಟ್ಟುಹೋದ ಈ ಕೆಲಸವನ್ನು ಪೂರೈಸುವುದೇ ತಕ್ಕ ಸ್ಮಾರಕವೆಂದು ನಾವು ಭಾವಿಸುತ್ತೇವೆ.