ಡಾ. ರಾಬರ್ಟ್ ಕಾಕ್ (1843–1910): ಜೀವನ ಹಾಗೂ ನೀರು, ಆಹಾರ ಪರೀಕ್ಷೆಗೆ ಅವರ ಕೊಡುಗೆ

ಪೀಠಿಕೆ

ಕುಡಿಯುವ ನೀರು ಹಾಗೂ ಆಹಾರ ಪದಾರ್ಥಗಳ ಸೂಕ್ಷ್ಮಾಣು ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರಲ್ಲಿ ಎರಡು ಪ್ರಶ್ನೆಗಳು ಮೂಡುವುದು ಸಹಜ. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನ ವರದಿ ನೀಡಲು ಕೆಲವು ದಿನಗಳು ಏಕೆ ಬೇಕು ಎಂಬುದು ಮೊದಲನೆಯದು. ಮನೆಯಲ್ಲಿ ಚೆನ್ನಾಗಿ ತೊಳೆದ ಬಾಟಲಿಯಲ್ಲಿ ತಂದ ಮಾದರಿಯನ್ನು ಏಕೆ ತಿರಸ್ಕರಿಸಲಾಗುತ್ತದೆ ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರವು ಜರ್ಮನಿಯ ವೈದ್ಯ ಡಾ. ರಾಬರ್ಟ್ ಕಾಕ್ ಅವರ ಜೀವನ ಚರಿತ್ರೆಯಲ್ಲಿದೆ. ಸಾರ್ವಜನಿಕರ ಮಾಹಿತಿಗಾಗಿ ಅದನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ರಾಬರ್ಟ್ ಕಾಕ್ ಅವರು 1843ರ ಡಿಸೆಂಬರ್ 11ರಂದು ಜರ್ಮನಿಯ ಹಾರ್ಜ್ ಬೆಟ್ಟಗಳ ನಡುವಿನ ಕ್ಲೌಸ್ತಾಲ್ ಎಂಬ ಗಣಿ ಪಟ್ಟಣದಲ್ಲಿ ಜನಿಸಿದರು. ತಂದೆ ಗಣಿ ಇಲಾಖೆಯ ಅಧಿಕಾರಿ. ಹದಿಮೂರು ಮಕ್ಕಳ ತುಂಬು ಕುಟುಂಬ. ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಅಭ್ಯಾಸ ಮಾಡಿ 1866ರಲ್ಲಿ ಪದವಿ ಪಡೆದರು. ಸಾಂಕ್ರಾಮಿಕ ರೋಗಗಳು ಜೀವಿಗಳಿಂದ ಹರಡುತ್ತವೆ ಎಂದು ಬಹು ಹಿಂದೆಯೇ ಊಹಿಸಿದ್ದ ಯಾಕೋಬ್ ಹೆನ್ಲೆ ಅವರು ಅಲ್ಲಿ ಇವರ ಗುರುಗಳಾಗಿದ್ದರು.

ತಾಲ್ಲೂಕು ಮಟ್ಟದ ವೈದ್ಯರಾಗಿ

1872ರಲ್ಲಿ ಕಾಕ್ ಅವರು, ಈಗ ಪೋಲೆಂಡ್ ದೇಶದಲ್ಲಿರುವ ವೊಲ್‌ಸ್ಟೈನ್ ಎಂಬ ಸಣ್ಣ ಊರಿನ ಸರ್ಕಾರಿ ವೈದ್ಯಾಧಿಕಾರಿಯಾದರು. ನಮ್ಮಲ್ಲಿನ ತಾಲ್ಲೂಕು ಆರೋಗ್ಯಾಧಿಕಾರಿಯ ಹುದ್ದೆಗೆ ಅದನ್ನು ಹೋಲಿಸಬಹುದು. ಅಲ್ಲಿ ಪ್ರಯೋಗಾಲಯವಿರಲಿಲ್ಲ. ರೋಗಿಗಳನ್ನು ನೋಡುವ ಕೊಠಡಿಯ ಒಂದು ಮೂಲೆಯನ್ನೇ ಮರೆಮಾಡಿಕೊಂಡು, ಒಂದು ಸೂಕ್ಷ್ಮದರ್ಶಕದ ನೆರವಿನಿಂದ ಅವರು ಸಂಶೋಧನೆ ಆರಂಭಿಸಿದರು. ದನ ಕುರಿಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಆಂಥ್ರಾಕ್ಸ್ ಎಂಬ ನೆರಡಿ ರೋಗಕ್ಕೆ ನಿರ್ದಿಷ್ಟ ಬ್ಯಾಕ್ಟೀರಿಯಾ ಕಾರಣವೆಂಬುದನ್ನು ಅವರು 1876ರಲ್ಲಿ ಸಿದ್ಧಪಡಿಸಿ ತೋರಿಸಿದರು. ಈ ಸಾಧನೆಯ ಫಲವಾಗಿ 1880ರಲ್ಲಿ ಬರ್ಲಿನ್‌ನ ಸಾಮ್ರಾಜ್ಯ ಆರೋಗ್ಯ ಕಚೇರಿಗೆ ನೇಮಕಗೊಂಡರು.

ತಟ್ಟೆ ಕೃಷಿ ವಿಧಾನ

ಒಂದು ಹನಿ ನೀರಿನಲ್ಲಿ ಹಲವು ಬಗೆಯ ಸೂಕ್ಷ್ಮಾಣುಗಳು ಬೆರೆತಿರುತ್ತವೆ. ಅವನ್ನು ಸಾರಿನಂತಹ ದ್ರವದಲ್ಲಿ ಬೆಳೆಸಿದರೆ ಎಲ್ಲವೂ ಕಲಸಿಹೋಗಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಾಕ್ ಅವರು ಮೊದಲು ಬೇಯಿಸಿದ ಆಲೂಗಡ್ಡೆಯ ಹೋಳುಗಳ ಮೇಲೆ, ನಂತರ ಜೆಲಾಟಿನ್ ಬೆರೆಸಿ ಗಟ್ಟಿಮಾಡಿದ ಪೋಷಕದ ಮೇಲೆ ಅವುಗಳನ್ನು ಬೆಳೆಸಿದರು. ಗಟ್ಟಿ ಮೇಲ್ಮೈಯ ಮೇಲೆ ಬಿದ್ದ ಪ್ರತಿಯೊಂದು ಜೀವಿಯೂ ಇದ್ದಲ್ಲಿಯೇ ವೃದ್ಧಿಯಾಗಿ ಬರಿಗಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಚುಕ್ಕೆಗಳನ್ನು ಎಣಿಸಿದರೆ ನೀರಿನಲ್ಲಿದ್ದ, ಅಲ್ಲಿ ಬೆಳೆಯಬಲ್ಲ ಜೀವಿಗಳ ಸಂಖ್ಯೆ ದೊರೆಯುತ್ತದೆ. ಒಂದೇ ಚುಕ್ಕೆಯಿಂದ ಒಂದೇ ಬಗೆಯ ಜೀವಿಯನ್ನು ಪ್ರತ್ಯೇಕಿಸಬಹುದು. 1881ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಈ ವಿಧಾನವನ್ನು ಅವರು ಪ್ರದರ್ಶಿಸಿದರು.

ಜೆಲಾಟಿನ್‌ಗೆ ಒಂದು ದೋಷವಿತ್ತು. ಚಳಿಗಾಲದಲ್ಲಿ ಗಟ್ಟಿಯಾಗಿದ್ದು ಬಿಸಿಲು ಬಂದೊಡನೆ ಕರಗುವ ಕೊಬ್ಬರಿ ಎಣ್ಣೆಯ ಸ್ವಭಾವವನ್ನು ನಮ್ಮ ಭಾಗದ ಪ್ರತಿಯೊಂದು ಮನೆಯವರೂ ಬಲ್ಲರು. ಜೆಲಾಟಿನ್ ಸಹ ಅದೇ ರೀತಿ ಬೇಸಿಗೆಯ ಶಾಖಕ್ಕೆ ಕರಗಿ ಪ್ರಯೋಗವನ್ನು ಕೆಡಿಸುತ್ತಿತ್ತು. ಕಾಕ್ ಅವರ ಸಹವರ್ತಿ ವಾಲ್ತರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ಅವರು ತಮ್ಮ ಅಡುಗೆಮನೆಯಲ್ಲಿ ಬಳಸುತ್ತಿದ್ದ, ಕಡಲಪಾಚಿಯಿಂದ ತೆಗೆದ ಅಗಾರ್ ಎಂಬ ಪದಾರ್ಥವನ್ನು ಸೂಚಿಸಿದರು. ಜಾವಾ ದ್ವೀಪದಲ್ಲಿ ವಾಸಿಸಿದ್ದ ಪರಿಚಿತರಿಂದ ಅವರು ಅದನ್ನು ಕಲಿತಿದ್ದರು. 1887ರಲ್ಲಿ ಕಾಕ್ ಅವರ ಸಹಾಯಕ ಪೆಟ್ರಿ ಅವರು ಮುಚ್ಚಳವುಳ್ಳ ಗಾಜಿನ ತಟ್ಟೆಯನ್ನು ಬಳಕೆಗೆ ತಂದರು. ಅಗಾರ್ ಮತ್ತು ಪೆಟ್ರಿ ತಟ್ಟೆ ಇಂದಿಗೂ ಸೂಕ್ಷ್ಮಾಣು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿವೆ.

ಭಾರತದಲ್ಲಿ ಕಾಕ್

1882ರ ಮಾರ್ಚ್ 24ರಂದು ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಪ್ರಕಟಿಸಿದ ಕಾಕ್ ಅವರು, ಮರುವರ್ಷ ಕಾಲರಾ ಅಧ್ಯಯನಕ್ಕಾಗಿ ಈಜಿಪ್ಟಿಗೂ ಅಲ್ಲಿಂದ ಕಲ್ಕತ್ತೆಗೂ ಬಂದರು. ಈಜಿಪ್ಟಿನಲ್ಲಿ ಇದೇ ಕಾರ್ಯದಲ್ಲಿ ತೊಡಗಿದ್ದ ಫ್ರಾನ್ಸಿನ ಯುವ ವಿಜ್ಞಾನಿ ಲೂಯಿ ತ್ಯುಯಿಯೇ ಅವರು ಕಾಲರಾಗೆ ತುತ್ತಾಗಿ ನಿಧನರಾದರು. 1884ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ಕಾಕ್ ಅವರು ಕಾಲರಾ ಬ್ಯಾಕ್ಟೀರಿಯಾವನ್ನು ಶುದ್ಧ ರೂಪದಲ್ಲಿ ಬೆಳೆಸಿದರು. ಅಷ್ಟೇ ಅಲ್ಲದೆ, ಸುತ್ತಲಿನ ಜನರು ಸ್ನಾನಕ್ಕೂ, ಬಟ್ಟೆ ಒಗೆಯಲೂ, ಕುಡಿಯಲೂ ಬಳಸುತ್ತಿದ್ದ ಕೊಳವೊಂದರ ನೀರಿನಲ್ಲಿ ಅದನ್ನು ಪತ್ತೆಹಚ್ಚಿದರು. ರೋಗಿಯ ಬಟ್ಟೆಗಳನ್ನು ಅದೇ ಕೊಳದಲ್ಲಿ ಒಗೆಯಲಾಗಿತ್ತು. ಇಟಲಿಯ ಪಾಚಿನಿ ಅವರು 1854ರಲ್ಲಿಯೇ ಈ ಜೀವಿಯನ್ನು ಕಂಡಿದ್ದರು. ಆದರೆ ನೀರಿನ ಮೂಲದಲ್ಲಿಯೇ ಅದನ್ನು ಹಿಡಿದು ತೋರಿಸಿದ ಕೀರ್ತಿ ಕಾಕ್ ಅವರಿಗೆ ಸಲ್ಲುತ್ತದೆ.

ಎಣಿಕೆಯಿಂದ ಉಳಿದ ಜೀವಗಳು

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹರಡಿ 8,000ಕ್ಕೂ ಹೆಚ್ಚು ಜನರು ಮೃತಪಟ್ಟರು. ಆ ನಗರವು ಎಲ್ಬೆ ನದಿಯ ನೀರನ್ನು ಸೋಸದೆಯೇ ಪೂರೈಸುತ್ತಿತ್ತು. ನೆರೆಯ ಆಲ್ಟೋನಾ ಪಟ್ಟಣವು ಅದೇ ನದಿಯ, ಹ್ಯಾಂಬರ್ಗ್‌ನ ಕೊಳಚೆ ಸೇರಿದ ನೀರನ್ನೇ ಪಡೆಯುತ್ತಿದ್ದರೂ ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಅಲ್ಲಿ ರೋಗ ಅತ್ಯಲ್ಪವಾಗಿತ್ತು. ಸೋಸಿದ ಒಂದು ಮಿಲಿಲೀಟರ್ ನೀರಿನಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ 100 ಮೀರಬಾರದೆಂದೂ, ಶೋಧಕಗಳ ನೀರನ್ನು ಪ್ರತಿದಿನ ಪರೀಕ್ಷಿಸಬೇಕೆಂದೂ ಕಾಕ್ ಅವರು ಪ್ರತಿಪಾದಿಸಿದರು. ನೀರಿನ ಗುಣಮಟ್ಟಕ್ಕೆ ಸಂಖ್ಯೆಯ ಮಾನದಂಡ ಬಂದುದು ಹೀಗೆ.

ತಪ್ಪುಗಳು ಮತ್ತು ಕೊನೆಯ ದಿನಗಳು

ಕಾಕ್ ಅವರು ಎಲ್ಲದರಲ್ಲಿಯೂ ಸರಿಯಾಗಿರಲಿಲ್ಲ. 1890ರಲ್ಲಿ ಕ್ಷಯಕ್ಕೆ ಮದ್ದೆಂದು ಅವರು ಹೊರತಂದ ಟ್ಯೂಬರ್ಕ್ಯುಲಿನ್ ರೋಗವನ್ನು ಗುಣಪಡಿಸಲಿಲ್ಲ; ಮುಂದೆ ಅದು ರೋಗಪತ್ತೆಗೆ ಮಾತ್ರ ಉಪಯೋಗವಾಯಿತು. ದನಗಳ ಕ್ಷಯವು ಹಾಲಿನ ಮೂಲಕ ಮನುಷ್ಯರಿಗೆ ತಗಲುವುದು ತೀರಾ ಅಪರೂಪವೆಂದು 1901ರಲ್ಲಿ ಅವರು ಸಾರಿದರು. ಬ್ರಿಟನ್ನಿನ ರಾಯಲ್ ಆಯೋಗವು ಹಲವು ವರ್ಷಗಳ ಪ್ರಯೋಗಗಳ ನಂತರ ಇದು ತಪ್ಪೆಂದು ತೋರಿಸಿತು. ಎಷ್ಟೇ ದೊಡ್ಡವರ ಅಭಿಪ್ರಾಯವಾದರೂ ಪರೀಕ್ಷೆಯ ಫಲಿತಾಂಶಕ್ಕೆ ಬದಲಿಯಾಗಲಾರದು. ಹಾಲನ್ನು ಕಾಯಿಸಿಯೇ ಕುಡಿಯಬೇಕೆಂಬ ಸಲಹೆಗೆ ಇದೂ ಒಂದು ಕಾರಣ.

1905ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. 1910ರ ಮೇ 27ರಂದು ಬಾಡೆನ್-ಬಾಡೆನ್ ಪಟ್ಟಣದಲ್ಲಿ ಅವರು ನಿಧನರಾದರು.

ತೆಂಗಿನ ನಾಡಿಗೆ ಇದರ ಪ್ರಸ್ತುತತೆ

ಉಂಡೆ ಕೊಬ್ಬರಿಗೆ ಹೆಸರಾದ ನಮ್ಮ ಭಾಗದಲ್ಲಿ ಒಣ ಕಾಯಿಪುಡಿ ತಯಾರಿಸುವ ಘಟಕಗಳೂ ಇವೆ. ಒಣಗಿದ ಪದಾರ್ಥದಲ್ಲಿ ರೋಗಾಣು ಇರಲಾರದೆಂಬ ಭಾವನೆ ಸರಿಯಲ್ಲ. 1950 ಮತ್ತು 1960ರ ದಶಕಗಳಲ್ಲಿ ಆಸ್ಟ್ರೇಲಿಯಾ ಹಾಗೂ ಬ್ರಿಟನ್‌ಗಳಲ್ಲಿ ಆಮದು ಮಾಡಿಕೊಂಡ ಕಾಯಿಪುಡಿಯಿಂದ ಟೈಫಾಯಿಡ್ ಮತ್ತಿತರ ಸಾಲ್ಮೊನೆಲ್ಲಾ ಸೋಂಕುಗಳು ಹರಡಿದ್ದು ದಾಖಲಾಗಿದೆ. ಸಿಪ್ಪೆ ತೆಗೆದ ತಿರುಳನ್ನು ತುರಿಯುವ ಮೊದಲು ಬಿಸಿನೀರಿನಲ್ಲಿ ಸಂಸ್ಕರಿಸುವುದು ಇದಕ್ಕೆ ಪರಿಹಾರ.

ಒಣ ಪುಡಿಯಲ್ಲಿ ಸಾಲ್ಮೊನೆಲ್ಲಾ ನಿಸ್ತೇಜ ಸ್ಥಿತಿಯಲ್ಲಿರುತ್ತದೆ. ಆದುದರಿಂದ ಸಾಮಾನ್ಯವಾಗಿ 25 ಗ್ರಾಂ ಮಾದರಿಯನ್ನು ಮೊದಲು ಪೋಷಕ ದ್ರವದಲ್ಲಿಟ್ಟು ಜೀವಿಯನ್ನು ಚೇತರಿಸಿಕೊಳ್ಳಲು ಬಿಡಲಾಗುತ್ತದೆ. ಬಳಿಕ ಇತರ ಜೀವಿಗಳನ್ನು ತಡೆಯುವ ದ್ರವದಲ್ಲಿಯೂ, ಅಗಾರ್ ತಟ್ಟೆಯಲ್ಲಿಯೂ ಬೆಳೆಸಿ ದೃಢಪಡಿಸಲಾಗುತ್ತದೆ. ಇದಕ್ಕೆ ನಾಲ್ಕೈದು ದಿನಗಳು ಬೇಕಾಗುತ್ತವೆ. ನೀರಿನಲ್ಲಿ ಮಲ ಮಾಲಿನ್ಯದ ಸೂಚಕವಾದ ಇ. ಕೋಲಿಯನ್ನು ಹುಡುಕಲಾಗುತ್ತದೆ. ಭಾರತೀಯ ಮಾನಕದಂತೆ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇದು ಕಂಡುಬರಬಾರದು. ಜೀವಿಯು ಬೆಳೆಯಲು ತೆಗೆದುಕೊಳ್ಳುವ ಕಾಲವೇ ವರದಿಯ ಕಾಲ. ಇದನ್ನು ಕಚೇರಿಯ ವಿಳಂಬವೆಂದು ಭಾವಿಸಬಾರದಾಗಿ ಕೋರಲಾಗಿದೆ.

ಅರ್ಜಿದಾರರ ಗಮನಕ್ಕೆ

1. ಪ್ರಯೋಗಾಲಯವು ನೀಡುವ ಕ್ರಿಮಿಶುದ್ಧ ಬಾಟಲಿಯನ್ನೇ ಬಳಸತಕ್ಕದ್ದು. ಬಾಟಲಿಯನ್ನು ತೊಳೆಯಬಾರದು. ಕ್ಲೋರಿನ್ ಪ್ರಭಾವವನ್ನು ತಡೆಯುವ ರಾಸಾಯನಿಕವನ್ನು ಅದರಲ್ಲಿ ಮೊದಲೇ ಹಾಕಿರಲಾಗುತ್ತದೆ.
2. ಮನೆಯ ಬಾಟಲಿಯಲ್ಲಿ ಉಳಿದ ಒಂದೆರಡು ಜೀವಿಗಳೂ ಬೆಳೆದು ಶುದ್ಧವಾದ ಬಾವಿಯ ಮೇಲೆ ದೋಷ ಹೊರಿಸಬಲ್ಲವು. ಮಾದರಿಯನ್ನು ತಿರಸ್ಕರಿಸುವುದು ಅರ್ಜಿದಾರರ ಹಿತಕ್ಕಾಗಿಯೇ.
3. ನಲ್ಲಿ ಅಥವಾ ಕೊಳವೆಬಾವಿಯ ನೀರನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಮುಚ್ಚಳದ ಒಳಭಾಗವನ್ನು ಮುಟ್ಟದೆ ತುಂಬತಕ್ಕದ್ದು.
4. ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದಷ್ಟು 6 ಗಂಟೆಗಳೊಳಗೆ ತಲುಪಿಸತಕ್ಕದ್ದು. 24 ಗಂಟೆ ಮೀರಿದ ಮಾದರಿ ವಿಶ್ವಾಸಾರ್ಹವಲ್ಲ.
5. ಫ್ಲೋರೈಡ್ ಮುಂತಾದ ರಾಸಾಯನಿಕ ಪರೀಕ್ಷೆಗೆ ಪ್ರತ್ಯೇಕ ಮಾದರಿ ನೀಡತಕ್ಕದ್ದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ.
6. ಗ್ರಾಮಗಳಲ್ಲಿ ಬಳಸುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷಾ ಬಾಟಲಿಯ ನೀರು ಕಪ್ಪಾದರೆ, ಪ್ರಯೋಗಾಲಯದ ವರದಿ ಬರುವವರೆಗೆ ನೀರನ್ನು ಕುದಿಸಿಯೇ ಕುಡಿಯತಕ್ಕದ್ದು.

ವರದಿಯು ಮಾದರಿ ತೆಗೆದ ದಿನದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಮಳೆಗಾಲದ ಮೊದಲ ನೀರು ಬಾವಿಗೆ ಇಳಿದ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಸಾರ್ವಜನಿಕರು ಸಹಕರಿಸಿ ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.