ಚಿನ್ನದ ಲೆಕ್ಕ ಹೇಳಿದ ಮಹಾವೀರಾಚಾರ್ಯ

ನಮ್ಮ ಊರಲ್ಲಿ ಮದುವೆ ಗೊತ್ತಾದ ಕೂಡಲೇ ಎಷ್ಟು ಪವನು ಎಂಬ ಮಾತು ಬರುತ್ತದೆ. ಹಳೆಯ ಬಳೆ, ಸರಗಳನ್ನು ಕೊಟ್ಟು ಹೊಸದು ಮಾಡಿಸುತ್ತಾರೆ. ಆದರೆ ಹಳೆಯದರಲ್ಲಿ ನಿಜವಾದ ಚಿನ್ನ ಎಷ್ಟು, ತಾಮ್ರ ಎಷ್ಟು? ಇದರ ಲೆಕ್ಕವನ್ನು ಸುಮಾರು 1,150 ವರ್ಷಗಳ ಹಿಂದೆಯೇ ಬರೆದಿಟ್ಟವರು ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು.

ಅವರು 9ನೇ ಶತಮಾನದ ಜೈನ ವಿದ್ವಾಂಸರು. ಆಗ ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಾವು ಕನ್ನಡ ತರಗತಿಯಲ್ಲಿ ಕೇಳುವ ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ಆಸ್ಥಾನದಲ್ಲಿ. ಅರಬ್ ವ್ಯಾಪಾರಿಗಳೂ ಈ ರಾಜ್ಯವನ್ನು ಬಲ್ಲವರಾಗಿದ್ದರು. 851ರ ಅರಬ್ಬಿ ಬರಹವೊಂದು ಇಲ್ಲಿನ ರಾಜನನ್ನು ಬಲ್ಹರಾ ಎಂದು ಕರೆದು, ಲೋಕದ ನಾಲ್ವರು ದೊಡ್ಡ ರಾಜರಲ್ಲಿ ಸೇರಿಸಿದೆ.

ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಪುಸ್ತಕ ‘ಗಣಿತಸಾರಸಂಗ್ರಹ’. ಆ ಕಾಲದಲ್ಲಿ ಗಣಿತ ಹೆಚ್ಚಾಗಿ ಜ್ಯೋತಿಷ್ಯ ಗ್ರಂಥಗಳ ಒಂದು ಭಾಗವಾಗಿರುತ್ತಿತ್ತು. ಅವರು ಗಣಿತಕ್ಕೇ ಬೇರೆ ಪುಸ್ತಕ ಮಾಡಿದರು. ಬಡ್ಡಿ, ಪಾಲುಗಾರಿಕೆ, ಕೊಡುಕೊಳ್ಳುವಿಕೆ ಎಲ್ಲವೂ ಅದರಲ್ಲಿವೆ. ಆದ್ದರಿಂದ ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ಅವರು ಹತ್ತಿರದವರೇ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲವೆಂದು ಅವರು ಹೇಳಿದ್ದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದದ್ದು ಮಾತ್ರ ತಪ್ಪು.

ಚಿನ್ನದ ಲೆಕ್ಕಕ್ಕೆ ಅವರು ಪ್ರತ್ಯೇಕ ಜಾಗವನ್ನೇ ಕೊಟ್ಟಿದ್ದಾರೆ. ಅಕ್ಕಸಾಲಿಗರು ಆಭರಣವನ್ನು ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣ ನೋಡುತ್ತಿದ್ದರು. ಶುದ್ಧತೆಯ ಅಳತೆಯ ಹೆಸರೂ ‘ವರ್ಣ’. ಶುದ್ಧ ಚಿನ್ನ 16 ವರ್ಣ, ಅಂದರೆ ನಮ್ಮ 24 ಕ್ಯಾರೆಟ್. ಬೇರೆ ಬೇರೆ ವರ್ಣದ ಚಿನ್ನವನ್ನು ಒಟ್ಟಿಗೆ ಕರಗಿಸಿದರೆ ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ನಾವು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಕಲಿಯುವ ವೆಯ್ಟೆಡ್ ಆವರೇಜ್ ಇದೇ.

ಒಂದು ಲೆಕ್ಕ ಮಾಡೋಣ. 22 ಕ್ಯಾರೆಟ್‌ನ 3 ಪವನು, 18 ಕ್ಯಾರೆಟ್‌ನ 1 ಪವನು ಕರಗಿಸಿದೆವು. 66ಕ್ಕೆ 18 ಕೂಡಿಸಿದರೆ 84. ಅದನ್ನು 4ರಿಂದ ಭಾಗಿಸಿದರೆ 21 ಕ್ಯಾರೆಟ್. ಯಾರಾದರೂ 22 ಮತ್ತು 18ರ ನಡುವೆ 20 ಎಂದು ಬಾಯಿಲೆಕ್ಕ ಹೇಳಿದರೆ ನಂಬಬಾರದು. ಪವನಿಗೆ 8 ಗ್ರಾಂನಂತೆ ಈ 32 ಗ್ರಾಂನಲ್ಲಿ ಶುದ್ಧ ಚಿನ್ನ 28 ಗ್ರಾಂ ಇದೆ. 20 ಕ್ಯಾರೆಟ್ ಎಂದು ಒಪ್ಪಿಕೊಂಡರೆ 26.67 ಗ್ರಾಂಗೆ ಮಾತ್ರ ಬೆಲೆ ಸಿಗುತ್ತದೆ. ತಾಯಂದಿರು ವರ್ಷಗಟ್ಟಲೆ ಕೂಡಿಟ್ಟ ಚಿನ್ನದಲ್ಲಿ 1.33 ಗ್ರಾಂ ಹೋಗುವುದು ಸಣ್ಣ ನಷ್ಟವಲ್ಲ.

ಆದರೆ ಲೆಕ್ಕ ಸರಿಯಾಗಬೇಕಾದರೆ ಮೊದಲು ಶುದ್ಧತೆ ಗೊತ್ತಿರಬೇಕು. ಒರೆಗಲ್ಲು ಮೇಲ್ಮೈಯನ್ನಷ್ಟೇ ತೋರಿಸುತ್ತದೆ. ದಪ್ಪ ಲೇಪ ಹಾಕಿದ ತಾಮ್ರ ಮೋಸ ಮಾಡಬಹುದು. ಅದಕ್ಕಾಗಿಯೇ ಇಂದು ಹಾಲ್‌ಮಾರ್ಕ್ ಇದೆ. ಬಿಐಎಸ್ ಗುರುತು, 22 ಕ್ಯಾರೆಟ್ ಆದರೆ 916, ಜೊತೆಗೆ ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು.

ಮಹಾವೀರಾಚಾರ್ಯರ ಪುಸ್ತಕವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಪ್ರಕಟಿಸಿದರು. ಮುಂದಿನ ಸಲ ಮನೆಯವರು ಚಿನ್ನದಂಗಡಿಗೆ ಹೊರಟರೆ ನಾವೂ ಕ್ಯಾಲ್ಕುಲೇಟರ್ ಹಿಡಿದು ಜೊತೆಗೆ ಹೋಗೋಣ.