ಸಿಡಿಲನ್ನು ನೆಲಕ್ಕಿಳಿಸಿದ ಫ್ರಾಂಕ್ಲಿನ್

ಮಕ್ಕಳೇ, ಬಸವಕಲ್ಯಾಣದಿಂದ ಹುಮನಾಬಾದ್‌ಗೆ ಹೋಗುವ ದಾರಿಯಲ್ಲಿ ಸದ್ದಿಲ್ಲದೆ ಓಡುವ ಬ್ಯಾಟರಿ ಸ್ಕೂಟರ್ ನೋಡಿರಬಹುದು. ಅದರ ಚಾರ್ಜರ್ ಪ್ಲಗ್‌ನಲ್ಲಿ ಮೂರನೆಯ ದಪ್ಪ ಪಿನ್ ಏಕಿದೆ? ಉತ್ತರಕ್ಕಾಗಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಬದುಕನ್ನು ತಿಳಿಯೋಣ.

ಫ್ರಾಂಕ್ಲಿನ್ 1706ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದರು. ತಂದೆ ಮೇಣದಬತ್ತಿ, ಸಾಬೂನು ತಯಾರಿಸುತ್ತಿದ್ದರು. ಮಗ ಶಾಲೆಗೆ ಹೋದದ್ದು ಎರಡೇ ವರ್ಷ. 12ನೇ ವಯಸ್ಸಿಗೆ ಅಣ್ಣನ ಮುದ್ರಣಾಲಯ ಸೇರಿ, ಪುಸ್ತಕ ಓದುತ್ತಲೇ ಬೆಳೆದರು. 40 ದಾಟಿದ ಮೇಲೆ ವಿದ್ಯುತ್ತಿನ ಪ್ರಯೋಗಕ್ಕೆ ತೊಡಗಿದರು. ವಿದ್ಯುತ್ತಿನಲ್ಲಿ ಧನ, ಋಣ ಎಂಬ ಗುರುತುಗಳನ್ನೂ ಬ್ಯಾಟರಿ ಎಂಬ ಹೆಸರನ್ನೂ ಬಳಕೆಗೆ ತಂದವರು ಅವರೇ.

1750ರಲ್ಲಿ ಪ್ರಯೋಗದ ವೇಳೆ ಗಮನ ತಪ್ಪಿ ಅವರಿಗೇ ಭಾರಿ ಶಾಕ್ ಹೊಡೆಯಿತು. ನಾಚಿಕೆಯಾದರೂ, ಪ್ರಯೋಗ ಮಾಡುವ ಗೆಳೆಯನಿಗೆ ಎಚ್ಚರಿಕೆಯಾಗಲೆಂದು ಪತ್ರದಲ್ಲಿ ತಿಳಿಸಿದರು. ಮಿಂಚೂ ವಿದ್ಯುತ್ತೇ ಎಂದು ಅರಿತ ಅವರು, ಕಟ್ಟಡದ ಮೇಲೆ ಚೂಪಾದ ಲೋಹದ ಸರಳು ನಿಲ್ಲಿಸಿ ತಂತಿಯಿಂದ ನೆಲಕ್ಕೆ ಸೇರಿಸುವ ಉಪಾಯ ಹೇಳಿದರು. ಅದೇ ಮಿಂಚುವಾಹಕ. ಸಿಡಿಲಿನ ವಿದ್ಯುತ್ತು ಮನೆಯನ್ನು ಸುಡದೆ ಭೂಮಿಗೆ ಇಳಿಯಿತು. ಅವರು ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. 1790ರಲ್ಲಿ ನಿಧನರಾದರು.

ದಪ್ಪ ಪಿನ್ನಿನ ಕೆಲಸವೂ ಇಂಥದೇ. ಅದು ಉಪಕರಣದ ಲೋಹದ ಹೊರಮೈಯನ್ನು ನೆಲಕ್ಕೆ ಜೋಡಿಸುತ್ತದೆ. ಇದೇ ಅರ್ಥಿಂಗ್. ಒಳಗಿನ ತಂತಿ ಸುಲಿದು ಹೊರಮೈಗೆ ತಾಗಿದರೆ ವಿದ್ಯುತ್ತು ಅರ್ಥಿಂಗ್ ತಂತಿಯಲ್ಲಿ ಹರಿಯುತ್ತದೆ, ಬ್ರೇಕರ್ ಟ್ರಿಪ್ ಆಗುತ್ತದೆ, ಮುಟ್ಟಿದವರ ಜೀವ ಉಳಿಯುತ್ತದೆ. ವಾಹನಗಳ ಚಾರ್ಜಿಂಗ್ ಉಪಕರಣ ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೋ ಐಎಸ್ 17017 ಎಂಬ ಮಾನಕದಲ್ಲಿ ಹೇಳಿದೆ.

ನಿಮ್ಮ ಮನೆಯಲ್ಲಿ ಅರ್ಥಿಂಗ್ ಸರಿಯಾಗಿದೆಯೇ? ಹಿರಿಯರನ್ನು ಕೇಳಿ. ನೆನಪಿಡಿ: ದಪ್ಪ ಪಿನ್ ತೆಗೆದು ಎಂದೂ ಚಾರ್ಜ್‌ಗೆ ಹಾಕಬಾರದು, ಒದ್ದೆ ಕೈಯಿಂದ ಪ್ಲಗ್ ಮುಟ್ಟಬಾರದು.